ಅರ್ಧ ಕೀಬೋರ್ಡು ಬಾಕ್ಸಿನಲ್ಲಿಲ್ಲ

ಆಪಲ್‌ನ ಮ್ಯಾಜಿಕ್ ಕೀಬೋರ್ಡ್ ಚೆಂದದ ವಸ್ತು. ಇದನ್ನ ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ರೆ ಮುಂದೆ ಬರೆಯೋದೆಲ್ಲ ಹೊಟ್ಟೆಕಿಚ್ಚು ಅನ್ನಿಸಿಬಿಡುತ್ತೆ. ತೆಳ್ಳಗಿದೆ, ಬೆರಳಿಗೆ ಹಿತವಾಗಿದೆ, ಸದ್ದು ಕಡಿಮೆ. ಆಫೀಸಿನವರು ಕೊಟ್ಟ ವಿಂಡೋಸ್ ಲ್ಯಾಪ್‌ಟಾಪಿನ ಮುಂದೆ, ಮನೆಯ ಲಿನಕ್ಸ್ ಮಷೀನಿನ ಮುಂದೆ ಇದನ್ನೇ ಇಟ್ಟುಕೊಂಡು ಕೂರೋ ಇಂಜಿನಿಯರುಗಳು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬ್ಲೂಟೂತ್ ತಾನೇ, ಯಾವುದಕ್ಕಾದ್ರೂ ಸೇರುತ್ತೆ ಅನ್ನೋ ನಂಬಿಕೆ. ಸೇರೋದು ನಿಜ. ಸೇರಿದ ಮೇಲೆ ನಡೆಯೋ ಸಂಸಾರದ ಬಗ್ಗೆ ನನ್ನ ಮಾತಿದೆ.

ಜೋಡಿಸೋದು ಐದು ನಿಮಿಷದ ಕೆಲಸ. ಕೀಬೋರ್ಡ್ ಆನ್ ಮಾಡಿ, ಬ್ಲೂಟೂತ್ ಸೆಟ್ಟಿಂಗಿನಲ್ಲಿ ಹುಡುಕಿ, ಪರದೆ ಮೇಲೆ ಬರೋ 6 ಅಂಕಿಗಳನ್ನ ಹೊಸ ಕೀಬೋರ್ಡಿನಲ್ಲೇ (ಲ್ಯಾಪ್‌ಟಾಪಿನದರಲ್ಲಿ ಅಲ್ಲ) ಒತ್ತಿ ಎಂಟರ್ ಹೊಡೆದ್ರೆ ಆಯ್ತು. ಅಕ್ಷರ ಮೂಡುತ್ತೆ, ಅಂಕಿ ಮೂಡುತ್ತೆ. ತೊಂದರೆ ಶುರುವಾಗೋದು ಕೆಳಗಿನ ಎಡಮೂಲೆಯಲ್ಲಿರೋ ಆ ಫಂಕ್ಷನ್ ಕೀಯಿಂದ.

ಸಾಮಾನ್ಯ ಕೀಬೋರ್ಡುಗಳಲ್ಲಿ ಫಂಕ್ಷನ್ ಕೀ ಅನ್ನೋದು ಮನೆಯೊಳಗಿನ ವ್ಯವಹಾರ. ಅದನ್ನ ಹಿಡಿದು ಇನ್ನೊಂದು ಕೀ ಒತ್ತಿದ್ರೆ, ಒಳಗಿರೋ ಚಿಪ್ಪೇ ಅರ್ಥ ಮಾಡ್ಕೊಂಡು ‘ವಾಲ್ಯೂಮ್ ಜಾಸ್ತಿ ಮಾಡು’ ಅಂತ ಒಂದೇ ಮಾತು ಹೊರಗೆ ಕಳಿಸುತ್ತೆ. ಆಪಲ್ ಕೀಬೋರ್ಡ್ ಹಾಗಲ್ಲ. ‘ಫಂಕ್ಷನ್ ಒತ್ತಿದ್ದಾರೆ, ಎಫ್12 ಒತ್ತಿದ್ದಾರೆ’ ಅಂತ ಎರಡು ಸುದ್ದಿ ಮುಟ್ಟಿಸಿ ಸುಮ್ಮನಾಗುತ್ತೆ. ಅದಕ್ಕೆ ಅರ್ಥ ಹಚ್ಚೋದು ಎದುರಿಗಿರೋ ಕಂಪ್ಯೂಟರಿನ ಜವಾಬ್ದಾರಿ. ಮ್ಯಾಕ್‌ಗೆ ಆ ಭಾಷೆ ಗೊತ್ತು. ವಿಂಡೋಸ್‌ಗೆ ತಾನಾಗಿ ಗೊತ್ತಿಲ್ಲ. ಅಂದ್ರೆ ನೀವು ದುಡ್ಡು ಕೊಟ್ಟು ತಂದ ಕೀಬೋರ್ಡಿನ ಒಂದು ಭಾಗ ಬಾಕ್ಸಿನಲ್ಲಿ ಬರಲೇ ಇಲ್ಲ, ಅದು ಮ್ಯಾಕ್ ಒಳಗೇ ಉಳ್ಕೊಂಡಿದೆ.

ಇದು ಸಣ್ಣ ವಿಷಯ ಅನ್ಕೋಬೇಡಿ. ಚಿಕ್ಕ ಮಾದರಿಯಲ್ಲಿ ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಅಂತ ಬೇರೆ ಕೀಗಳೇ ಇಲ್ಲ. ಎಲ್ಲವೂ ಫಂಕ್ಷನ್ ಜೊತೆ ಬಾಣದ ಕೀ ಒತ್ತಿದ್ರೆ ಬರೋವಂಥವು. ಮುಂದಿನ ಅಕ್ಷರ ಅಳಿಸೋ ಡಿಲೀಟ್ ಕೂಡ ಹಾಗೇ. ಫಂಕ್ಷನ್ ಸತ್ತರೆ ಇವೆಲ್ಲ ಒಟ್ಟಿಗೆ ಹೋದ ಹಾಗೆ. ಇಡೀ ದಿನ ಕೋಡ್ ಬರೆಯೋರಿಗೆ ಇದರ ನೋವು ಗೊತ್ತು. ಆಪಲ್‌ಗೆ ವಿಂಡೋಸ್ ಡ್ರೈವರ್ ಬರೆಯೋಕೆ ಬರಲ್ಲ ಅಂತೇನಿಲ್ಲ. ಇಂಟೆಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ ವಿಂಡೋಸ್ ಓಡಿಸೋರಿಗೋಸ್ಕರ ಬೂಟ್ ಕ್ಯಾಂಪ್ ಜೊತೆ ಅದನ್ನ ಬರೆದು ಕೊಟ್ಟಿತ್ತು. ತನ್ನ ಮಷೀನು ಕೊಂಡವರಿಗೆ ಆ ಸೌಕರ್ಯ, ಬರೀ ಕೀಬೋರ್ಡ್ ಕೊಂಡವರಿಗೆ ಇಲ್ಲ.

ಲಿನಕ್ಸಿನವರು ಕೂತು ಅರ್ಥ ಹಚ್ಚಿದ್ದಾರೆ. ಕರ್ನಲ್ ಒಳಗೆ ಎಚ್ಐಡಿ-ಆಪಲ್ ಅನ್ನೋ ಒಂದು ಡ್ರೈವರ್ ಇದೆ. ಎಫ್ ಕೀಗಳು ನೇರವಾಗಿ ಎಫ್ ಕೀಗಳ ಹಾಗೇ ಕೆಲಸ ಮಾಡಬೇಕು ಅಂದ್ರೆ ಅದರ ‘ಎಫ್‌ಎನ್ ಮೋಡ್’ ಅನ್ನೋ ಸೆಟ್ಟಿಂಗನ್ನ 2 ಮಾಡಬೇಕು. ಸ್ಪೇಸ್ ಬಾರಿನ ಪಕ್ಕ ಕಮಾಂಡ್ ಇರುತ್ತೆ, ನಮ್ಮ ಬೆರಳು ಅಲ್ಲಿ ಆಲ್ಟ್ ಹುಡುಕುತ್ತೆ. ಅದಲುಬದಲು ಮಾಡೋಕೂ ಅಲ್ಲೇ ಇನ್ನೊಂದು ಸೆಟ್ಟಿಂಗ್ ಇದೆ. ಒಂದು ಫೈಲು, ಒಂದು ಸಾಲು. ಆದ್ರೆ ಆ ಒಂದು ಸಾಲಿನ ಹಿಂದೆ ಆಪಲ್‌ನ ಸಂಬಳ ಪಡೆಯದ ಜನರ ದುಡಿಮೆ ಇದೆ.

ನಮ್ಮೂರ ಕಡೆ ರೋಟವೇಟರ್ ಬಾಡಿಗೆಗೆ ಕೊಡೋರು ನಿಮ್ಮದು ಯಾವ ಕಂಪನಿ ಟ್ರ್ಯಾಕ್ಟರ್ ಅಂತ ಕೇಳಲ್ಲ, ಎಷ್ಟು ಎಚ್‌ಪಿ ಅಂತ ಮಾತ್ರ ಕೇಳ್ತಾರೆ. ಹಿಂದೆ ಮೂರು ಕಡೆ ಪಿನ್ ಹಾಕಿ, ಪಿಟಿಓ ಶಾಫ್ಟ್ ಸಿಕ್ಕಿಸಿ, ನಿಮಿಷಕ್ಕೆ 540 ಸುತ್ತು ತಿರುಗಿಸಿದ್ರೆ ಮಣ್ಣು ಹುಡಿ. ಹ್ಯಾರಿ ಫರ್ಗ್ಯುಸನ್ ಹೆಸರಿನ ಜೊತೆ ಬೆಸೆದುಕೊಂಡಿರೋ ಆ ಮೂರು ಕೊಂಡಿಯ ವ್ಯವಸ್ಥೆ ಈಗ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಅಳತೆ. ಕೀಬೋರ್ಡುಗಳಿಗೂ ಅಂಥದ್ದೇ ಒಂದು ಒಪ್ಪಂದ ಇದೆ. ಎಚ್ಐಡಿ ಅಂತಾರೆ. ಮ್ಯಾಜಿಕ್ ಕೀಬೋರ್ಡಿನಲ್ಲಿ ಅಕ್ಷರಗಳು ಎಲ್ಲ ಕಡೆ ಮೂಡೋದು ಅದರ ದಯೆಯಿಂದಲೇ. ಫಂಕ್ಷನ್ ಕೀಯನ್ನ ಮಾತ್ರ ಆಪಲ್ ಆ ಒಪ್ಪಂದದ ಆಚೆ ಇಟ್ಟುಕೊಂಡಿದೆ.

‘ಕನ್ನಡವೂ ಕೀಬೋರ್ಡ್ ಒಳಗಿಲ್ಲವಲ್ಲ, ಅದೂ ಕಂಪ್ಯೂಟರಿನಲ್ಲೇ ತಾನೇ ಇರೋದು’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಕೆ ಒತ್ತಿದ್ರೆ ‘ಕ’, ಶಿಫ್ಟ್ ಜೊತೆ ಒತ್ತಿದ್ರೆ ‘ಖ’. ಇದಕ್ಕೂ ಸಾಫ್ಟ್‌ವೇರ್ ಬೇಕೇ ಬೇಕು. ಆದ್ರೆ ಯಾವ ಕೀಗೆ ಯಾವ ಅಕ್ಷರ ಅನ್ನೋದು ಎಲ್ಲರ ಕಣ್ಣೆದುರು ಇದೆ. ಲಿನಕ್ಸಿನಲ್ಲಿ ಕಗಪ ಅನ್ನೋ ಹೆಸರಿನಲ್ಲೇ ಬರುತ್ತೆ. ಮುನ್ನೂರು ರೂಪಾಯಿ ಕೀಬೋರ್ಡಿನಲ್ಲೂ ಅದೇ ‘ಕ’, ಆಪಲ್‌ನದರಲ್ಲೂ ಅದೇ ‘ಕ’. ಸಾಫ್ಟ್‌ವೇರ್ ಮೇಲೆ ನಿಂತಿರೋದು ತಪ್ಪು ಅಂತ ನಾನು ಹೇಳ್ತಿಲ್ಲ. ಮಾರಿದವರ ಮಷೀನೊಳಗೇ ಅಡಗಿಸಿಟ್ಟ ಸಾಫ್ಟ್‌ವೇರ್ ಮೇಲೆ ನಿಲ್ಲೋದು ನನಗೆ ಹಿಡಿಸಲ್ಲ.

ಬಯಾಸ್ ಪರದೆಯಲ್ಲಿ, ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ರೆ ಬೂಟ್ ಆಗುವಾಗ ಕೇಳೋ ಪಾಸ್‌ವರ್ಡಿನ ಹತ್ತಿರ, ಬ್ಲೂಟೂತ್ ಇನ್ನೂ ಎದ್ದಿರೋದಿಲ್ಲ. ಆಗ ಚಾರ್ಜಿಂಗ್ ಕೇಬಲ್ ಸಿಕ್ಕಿಸಿದ್ರೆ ಇದೇ ಕೀಬೋರ್ಡ್ ಯುಎಸ್‌ಬಿ ಕೀಬೋರ್ಡಾಗಿ ನಡೆಯುತ್ತೆ. ವೈರ್‌ಲೆಸ್‌ಗೆ ವೈರು! ಬ್ಯಾಟರಿ ಸೆಲ್ ಹಾಕೋ ಹಳೇ ಅಲ್ಯೂಮಿನಿಯಂ ಮಾದರಿಗೆ ಆ ಭಾಗ್ಯವೂ ಇಲ್ಲ. ಇದು ಬ್ಲೂಟೂತಿನ ಮಿತಿ, ಆಪಲ್ ಮೇಲೆ ಹೊರಿಸಬಾರದು.

ಆಪಲ್ ಮೇಲೆ ಹೊರಿಸಬೇಕಾದ್ದು ಬೇರೆ ಇದೆ. 2024ರ ಜನವರಿಯಲ್ಲಿ ಈ ಕೀಬೋರ್ಡುಗಳಿಗೆ 2.0.6 ಅನ್ನೋ ಫರ್ಮ್‌ವೇರ್ ಬಂತು. ಮಾರ್ಕ್ ನ್ಯೂಲಿನ್ ಅನ್ನೋ ಭದ್ರತಾ ಸಂಶೋಧಕ ಪತ್ತೆ ಹಚ್ಚಿದ ದೋಷಕ್ಕೆ ಹಾಕಿದ ತೇಪೆ ಅದು. ದೋಷ ಏನಪ್ಪಾ ಅಂದ್ರೆ, ಕೀಬೋರ್ಡ್ ಒಮ್ಮೆ ಕೈಗೆ ಸಿಕ್ಕವನು ಅದರ ಬ್ಲೂಟೂತ್ ಜೋಡಣೆಯ ಗುಟ್ಟಿನ ಕೀಲಿಯನ್ನ ತೆಗೆದುಕೊಂಡು, ಆಮೇಲೆ ಅದರ ಬ್ಲೂಟೂತ್ ಮಾತುಕತೆಯನ್ನ ಕದ್ದು ಕೇಳಬಹುದಾಗಿತ್ತು. ಕೀಬೋರ್ಡಿನ ಮಾತುಕತೆ ಅಂದ್ರೆ ನಿಮ್ಮ ಪಾಸ್‌ವರ್ಡೂ ಸೇರಿದ ಹಾಗೆ. ಯಾರು ಬೇಕಾದ್ರೂ ಬಂದು ಕೂರೋ ಹಂಚಿಕೆಯ ಡೆಸ್ಕುಗಳಲ್ಲಿ ಕೀಬೋರ್ಡ್ ಬಿಟ್ಟು ಊಟಕ್ಕೆ ಹೋಗೋರು ನಾವು. ಆ ತೇಪೆ ಹೇಗೆ ಬರುತ್ತೆ ಗೊತ್ತಾ? ಕೀಬೋರ್ಡ್ ಆಪಲ್‌ನದೇ ಸಾಧನಕ್ಕೆ ಜೋಡಿಯಾಗಿದ್ದಾಗ, ಹಿನ್ನೆಲೆಯಲ್ಲಿ, ತಾನಾಗಿ. ವಿಂಡೋಸಿಗೋ ಲಿನಕ್ಸಿಗೋ ಜೋಡಿಸಿಟ್ಟವರಿಗೆ ಅದು ಬರೋದೇ ಇಲ್ಲ. ಬಂದಿಲ್ಲ ಅಂತ ತಿಳಿಸೋರೂ ಇಲ್ಲ. ಫಂಕ್ಷನ್ ಕೀ ಸತ್ತರೆ ಕಿರಿಕಿರಿ, ಹೇಗೋ ಬದುಕಬಹುದು. ಇದು ಹಾಗಲ್ಲ.

ಹಾಗಂತ ಎಸೆಯಬೇಡಿ. ಸ್ನೇಹಿತರ ಹತ್ತಿರ ಐಪ್ಯಾಡೋ ಮ್ಯಾಕೋ ಇದ್ರೆ ಕೀಬೋರ್ಡನ್ನ ಒಂದು ರಾತ್ರಿ ಅದಕ್ಕೆ ಜೋಡಿಸಿಡಿ. ಮ್ಯಾಕ್ ಆದ್ರೆ ಬ್ಲೂಟೂತ್ ಸೆಟ್ಟಿಂಗಿನಲ್ಲಿ ಕೀಬೋರ್ಡಿನ ಹೆಸರಿನ ಪಕ್ಕ ಫರ್ಮ್‌ವೇರ್ ಸಂಖ್ಯೆ ಕಾಣುತ್ತೆ, 2.0.6 ಅಥವಾ ಅದಕ್ಕಿಂತ ಮೇಲಿದ್ದರೆ ಸಾಕು. ಬೆಳಗ್ಗೆ ವಾಪಸ್ ತಂದ ಮೇಲೆ ನಿಮ್ಮ ಮಷೀನಿಗೆ ಮತ್ತೆ ಹೊಸದಾಗಿ ಜೋಡಿಸಬೇಕಾಗುತ್ತೆ, ಯಾಕಂದ್ರೆ ಇದು ಒಂದು ಸಲಕ್ಕೆ ಒಂದೇ ಕಂಪ್ಯೂಟರನ್ನ ನೆನಪಿಟ್ಟುಕೊಳ್ಳುತ್ತೆ. ಮತ್ತೆ ಅದೇ 6 ಅಂಕಿ, ಎಂಟರ್.