ಮೊದಲು ಬರೆದ ಚಿತ್ರವೇ ಅರ್ಧ ತೀರ್ಮಾನ

ತಂತ್ರಾಂಶದ ರಚನೆ ಕಲಿಯುವವರಿಗೆ ಅಕ್ಕಲಕೋಟ ತಾಲ್ಲೂಕಿನ ಕರಜಗಿಯಂಥ ಊರಿನ ಉತಾರಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಜಮೀನಿನ ಈ ದಾಖಲೆಗೆ ಮಹಾರಾಷ್ಟ್ರದಲ್ಲಿ ಸಾತ್‌ಬಾರಾ (7/12) ಎನ್ನುತ್ತಾರೆ; ಅದರಲ್ಲಿ ಗ್ರಾಮ ನಮೂನೆ 7 ಹಕ್ಕಿನದು, ನಮೂನೆ 12 ಬೆಳೆಯದು. ಫೇರಫಾರ್, ಅಂದರೆ ಹಕ್ಕಿನ ಬದಲಾವಣೆ, ನಮೂದಾಗುವುದು ನಮೂನೆ 6ರಲ್ಲಿ. ಇವನ್ನು ಗಣಕಕ್ಕೆ ಏರಿಸಬೇಕು ಅಂದುಕೊಳ್ಳಿ. ಮೊದಲು ಯಾವ ಚಿತ್ರ ಬರೆಯುತ್ತೀರಿ?

ಬಹಳ ಮಂದಿ ಪೀಟರ್ ಚೆನ್ 1976ರಲ್ಲಿ ಮುಂದಿಟ್ಟ ಎಂಟಿಟಿ-ರಿಲೇಶನ್‌ಶಿಪ್ ಚಿತ್ರ ಬರೆಯುತ್ತಾರೆ. ಜಮೀನು, ಖಾತೆದಾರ, ಬೆಳೆ ಎಂದು ಮೂರು ಚೌಕ, ನಡುವೆ ಗೆರೆಗಳು. ಅಚ್ಚುಕಟ್ಟಾದ ಚಿತ್ರವೇ. ಆದರೆ ಅಲ್ಲಿಗೇ ನಿಂತರೆ ಸಿಗುವುದು ಒಂದು ದೊಡ್ಡ ಡೇಟಾಬೇಸ್, ಅದನ್ನು ತಿದ್ದಲು ನಾಲ್ಕು ಪರದೆ. ಹಳೆಯ ಹೆಸರು ಹೋಯಿತು, ಹೊಸದು ಬಂತು, ಅಷ್ಟೇ.

ಊರಲ್ಲಿ ಕೆಲಸ ಹಾಗೆ ನಡೆಯುವುದಿಲ್ಲ. ತಂದೆ ತೀರಿಕೊಂಡ ಮೇಲೆ ವಾರಸಾ ಆಗಬೇಕಾದರೆ ಊರಿನ ಕಂದಾಯ ಅಧಿಕಾರಿಯಾದ ತಲಾಠಿ ಅದನ್ನು ನಮೂದಿಸಬೇಕು, ಪ್ರತಿಯನ್ನು ಚಾವಡಿಯಲ್ಲಿ ಹಚ್ಚಬೇಕು, ಸಂಬಂಧಪಟ್ಟವರಿಗೆ ನೋಟಿಸು ಕೊಡಬೇಕು. ತಕರಾರು ಬಂದರೆ ವಿಚಾರಣೆ. ಮಂಡಲ ಅಧಿಕಾರಿ ಪ್ರಮಾಣೀಕರಿಸಿದ ಮೇಲೇ ಹೆಸರು ಏರುತ್ತದೆ. ಇದನ್ನೇ ಡೇವಿಡ್ ಹರೆಲ್ 1987ರಲ್ಲಿ ವಿವರಿಸಿದ ಸ್ಟೇಟ್‌ಚಾರ್ಟ್‌ನಲ್ಲಿ ಬರೆಯಿರಿ. ನಮೂದು, ತಕರಾರು, ಮಂಜೂರು, ರದ್ದು ಎಂಬ ಸ್ಥಿತಿಗಳು ಕಾಣುತ್ತಲೇ ಪ್ರಶ್ನೆಗಳೂ ಏಳುತ್ತವೆ. ನೋಟಿಸಿನ ದಿನ ಎಣಿಸುವವರು ಯಾರು? ತಕರಾರು ಇತ್ಯರ್ಥವಾಗುವ ತನಕ ಉತಾರದಲ್ಲಿ ಯಾರ ಹೆಸರು? ಉತ್ತರ ಹುಡುಕುತ್ತ ಹೋದರೆ ಫೇರಫಾರ್‌ಗೆ ಬೇರೆಯದೇ ಭಾಗ ಬೇಕು, ಹಳೆಯ ನಮೂದು ಅಳಿಯಕೂಡದು ಎಂಬ ತೀರ್ಮಾನಕ್ಕೆ ಬರುತ್ತೇವೆ.

ಗಡಿಯಾಚೆ ಕರ್ನಾಟಕದ 'ಭೂಮಿ' ಯೋಜನೆಯಲ್ಲೂ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂಬ ಕಟ್ಟು ಹಾಕಿದರು. ಚೌಕಗಳ ಚಿತ್ರದಲ್ಲಿ ಸರದಿ ಕಾಣುವುದಿಲ್ಲ. ಕೆಲಸ ಸಾಗುವ ಹಾದಿಯನ್ನು ಬರೆದಾಗ ಮಾತ್ರ ಕಾಣುತ್ತದೆ.

ಮೂರನೆಯ ಚಿತ್ರ, ದಾಖಲೆ ಬರೆಯುವ ಕೈಗಳದು. ಮಹಾರಾಷ್ಟ್ರದಲ್ಲಿ 2021ರಿಂದ ಇ-ಪೀಕ್ ಪಹಾಣಿ ಆ್ಯಪ್‌ನಲ್ಲಿ ರೈತರೇ ಬೆಳೆ ದಾಖಲಿಸುತ್ತಿದ್ದಾರೆ. 7 ಮತ್ತು 12 ಕಾಗದದ ಮೇಲೆ ಜೋಡಿ. ಆದರೆ ಒಂದನ್ನು ಬರೆಯುವುದು ಕಚೇರಿ, ಇನ್ನೊಂದನ್ನು ಹಂಗಾಮಿಗೊಮ್ಮೆ ಹೊಲದಲ್ಲಿ ನಿಂತ ರೈತ. ಎರಿಕ್ ಇವಾನ್ಸ್ 2003ರಲ್ಲಿ ಬರೆದ ಡೊಮೇನ್ ಗಡಿಗಳ ವಿಚಾರ ಇಲ್ಲಿಗೆ ಸರಿಯಾಗಿ ಹೊಂದುತ್ತದೆ: ಎರಡೂ ಒಂದೇ ಹಾಳೆಯಲ್ಲಿ ಅಚ್ಚಾಗಲಿ, ಒಳಗೆ ಬೇರೆ ಬೇರೆ ಇರಲಿ.

ಚಿತ್ರ ಬರೆಯುವ ವಿಧಾನ ನಮಗೆ ಯಾವ ಪ್ರಶ್ನೆ ಹೊಳೆಯಬೇಕು ಎಂಬುದನ್ನು ನಿರ್ಧರಿಸುತ್ತದೆ. ಹೊಳೆಯದ ಪ್ರಶ್ನೆಗೆ ರಚನೆಯಲ್ಲಿ ಜಾಗವಿರುವುದಿಲ್ಲ. ಹಾಗಾಗಿ ಹೊಸ ಕೆಲಸ ಹಿಡಿಯುವ ಗೆಳೆಯರಲ್ಲಿ ನನ್ನದೊಂದು ವಿನಂತಿ: ಟೇಬಲ್‌ಗಳಿಗೆ ಕೈ ಹಾಕುವ ಮೊದಲು ಒಂದು ಫೇರಫಾರ್‌ನ ಹಾದಿಯನ್ನು ಆದಿಯಿಂದ ಅಂತ್ಯದವರೆಗೆ ಬರೆದು ನೋಡಿ.