ರೂಮಲ್ಲೇ ಒಂದು ರೌಂಡ್

"ಅಲ್ಲಿ ಹೋಗಿ ಕುಡಿದ್ರೆ ಮನೆ ಮಾರ್ಬೇಕಾಗುತ್ತೆ. ರೂಮಲ್ಲೇ ಒಂದು ರೌಂಡ್ ಹಾಕ್ಕೊಂಡು ಹೋಗೋಣ." ಬೆಂಗಳೂರಿನಲ್ಲಿ ಬಾಡಿಗೆ ರೂಮು ಹಿಡಿದು ನಾಲ್ಕು ವರ್ಷ ಕಳೆದ ಯಾರಿಗೂ ಈ ಮಾತು ಹೊಸದಲ್ಲ. ಶುಕ್ರವಾರ ಮಧ್ಯಾಹ್ನವೇ ವಾಟ್ಸಾಪ್ ಗುಂಪಿನಲ್ಲಿ ಲೆಕ್ಕ ಶುರುವಾಗುತ್ತದೆ. ಎಷ್ಟು ಜನ, ಫುಲ್ ತರುವುದೋ ಎರಡು ಹಾಫ್ ಸಾಕೋ, ವೈನ್ ಶಾಪಿಗೆ ಯಾರು ಹೋಗಬೇಕು, ಇಂದಿರಾನಗರಕ್ಕೆ ಎಷ್ಟು ಹೊತ್ತಿಗೆ ಹೊರಡಬೇಕು. ಏಳೂವರೆಗೆಲ್ಲ ಕರಿ ಕವರಿನಲ್ಲಿ ಬಾಟಲಿ ಬರುತ್ತದೆ, ಕಾಂಗ್ರೆಸ್ ಕಡ್ಲೆಕಾಯಿಯ ಪೊಟ್ಟಣ ಬಿಚ್ಚಿಕೊಳ್ಳುತ್ತದೆ, ಬೆಳಗ್ಗೆ ಕಾಫಿ ಕುಡಿದಿದ್ದ ಸ್ಟೀಲ್ ಲೋಟಗಳು ಮತ್ತೆ ಹೊರಗೆ ಬರುತ್ತವೆ.

ಪಬ್ಬಿಗೆ ಹೋಗುವ ಮುಂಚೆ ಮನೆಯಲ್ಲೇ ಕುಡಿದು ಹೊರಡುವ ಈ ಪದ್ಧತಿಗೆ ಈಗಿನ ಹುಡುಗರು ಪ್ರೀ-ಡ್ರಿಂಕ್ಸ್ ಅನ್ನುತ್ತಾರೆ. 2013ರಿಂದ ನಾಲ್ಕು ವರ್ಷ ನಾನು ಬಿಟಿಎಂ ಲೇಔಟಿನ ಒಂದು ಟೆರೇಸ್ ರೂಮಿನಲ್ಲಿದ್ದೆ. ಆ ಕಾಲದ ಬಹುಪಾಲು ವಾರಾಂತ್ಯಗಳು ಹೀಗೇ ಆರಂಭವಾದವು. ಈಗ ಅಣ್ಣನ ಮಗ ಅದೇ ಏರಿಯಾದ ಪಿಜಿಯೊಂದರಲ್ಲಿದ್ದಾನೆ. ಅವನ ಗುಂಪಿನ ಪ್ಲಾನು ಕೇಳಿದರೆ ನಮ್ಮದೇ ಪ್ಲಾನು, ಹೆಸರು ಮಾತ್ರ ಬೇರೆ. ಇಷ್ಟು ಜನ ಇಷ್ಟು ವರ್ಷದಿಂದ ಮಾಡುತ್ತಿರುವುದನ್ನು ಕೆಟ್ಟ ಚಟವೆಂದು ಬೈದು ಮುಗಿಸುವುದಾಗಲಿ, ವಯಸ್ಸಿನ ಖುಷಿಯೆಂದು ಬಿಟ್ಟುಬಿಡುವುದಾಗಲಿ ನನಗೆ ಸಮ್ಮತವಿಲ್ಲ. ಇದರಲ್ಲಿ ನಿಜವಾಗಿಯೂ ಒಳ್ಳೆಯದೊಂದಿದೆ. ಆ ಒಳ್ಳೆಯದನ್ನು ನಮ್ಮ ಪ್ಲಾನುಗಳೇ ಹಾಳು ಮಾಡುತ್ತಿವೆ ಎಂಬುದು ನನ್ನ ತಕರಾರು.

ಪದ್ಧತಿ ಹುಟ್ಟಿದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ, ಬಿಲ್ಲು ನೋಡಿದರೆ ಸಾಕು. ವೈನ್ ಶಾಪಿನಲ್ಲಿ ಎಂಆರ್‌ಪಿಗೆ ಸಿಗುವ ಮದ್ಯವೇ ಪಬ್ಬಿನ ಮೇಜಿಗೆ ಬರುವಾಗ ಕೆಲವು ಪಟ್ಟು ದುಬಾರಿಯಾಗಿರುತ್ತದೆ. ಅದರ ಮೇಲೆ ಸರ್ವಿಸ್ ಚಾರ್ಜು, ಶನಿವಾರವಾದರೆ ಕವರ್ ಚಾರ್ಜು, ಹುಡುಗರೇ ಹೋದರೆ ಸ್ಟ್ಯಾಗ್ ಎಂಟ್ರಿ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ದೇಶೀ ಮದ್ಯದ ಎಲ್ಲ 18 ಸ್ಲ್ಯಾಬುಗಳ ಮೇಲೂ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಿ, ಬಿಯರಿನ ಸುಂಕವನ್ನು ಶೇ 175ರಿಂದ 185ಕ್ಕೆ ಒಯ್ದ ಮೇಲೆ ರೂಮಿನ ರೌಂಡಿಗೆ ಇನ್ನಷ್ಟು ಬಲ ಬಂತು. ಗಡಿಯಾರದ ಪಾತ್ರವೂ ಇದೆ. ಪಬ್ ಸಿಟಿ ಎಂದು ಎಂಬತ್ತರ ದಶಕದಲ್ಲೇ ಹೆಸರಾದ ಊರಿನಲ್ಲಿ ಬಹಳ ವರ್ಷ ರಾತ್ರಿ ಹನ್ನೊಂದೂವರೆಗೆ ಬಾಗಿಲು ಹಾಕಿಸುತ್ತಿದ್ದರು. 2008ರ ಹೊತ್ತಿಗೆ ಪಬ್ಬಿನಲ್ಲಿ ಕುಣಿಯುವುದಕ್ಕೂ ಪೊಲೀಸರ ತಡೆಯಿತ್ತು. 2014ರಲ್ಲಿ ಮೊದಲು ಶುಕ್ರವಾರ, ಶನಿವಾರಗಳಿಗೆ, ಆಮೇಲೆ ವಾರವಿಡೀ ರಾತ್ರಿ 1ರವರೆಗೆ ಸಮಯ ಸಿಕ್ಕಿತು. ಅದಕ್ಕೂ ಮುಂಚೆ, ಹನ್ನೊಂದೂವರೆಯ ಕಾಲದಲ್ಲಿ, ಆಫೀಸು ಮುಗಿಸಿ, ಟ್ರಾಫಿಕ್ಕಿನಲ್ಲಿ ಒಂದು ತಾಸು ಕಳೆದು ಹೋಗುವವರಿಗೆ ಅಲ್ಲಿ ಸಿಗುತ್ತಿದ್ದದ್ದು ಒಂದೂವರೆ ತಾಸು. ಅಷ್ಟರಲ್ಲಿ ಕುಡಿಯುವುದು ಯಾವಾಗ, ಕುಣಿಯುವುದು ಯಾವಾಗ? ಕುಡಿತವನ್ನು ರೂಮಿಗೆ ತಂದುಕೊಂಡರು.

ಇದು ನಮ್ಮೂರಿನ ಆವಿಷ್ಕಾರವೇನೂ ಅಲ್ಲ. ಸ್ಪೇನಿನ ಹುಡುಗರು ಅಂಗಡಿಯ ಬಾಟಲಿ ಹಿಡಿದು ಚೌಕಗಳಲ್ಲಿ ಸೇರುವುದಕ್ಕೆ ಬೊತೆಯೋನ್ ಎನ್ನುತ್ತಾರೆ. ಜರ್ಮನರು ಇದಕ್ಕೆ ಇಟ್ಟ ಹೆಸರು ಫೋರ್‌ಗ್ಲ್ಯೂಯೆನ್, ಡೀಸೆಲ್ ಎಂಜಿನ್ನನ್ನು ಮೊದಲೇ ಕಾಯಿಸಿಕೊಳ್ಳುವುದಕ್ಕೆ ಬಳಸುವ ಪದ. ಹೊರಗಿನ ಗ್ಲಾಸು ದುಬಾರಿಯಾದ ಕಡೆಯಲ್ಲೆಲ್ಲ ಮನೆಯ ಲೋಟ ಮೊದಲು ತುಂಬುತ್ತದೆ.

ಈಗ ಆ ಒಳ್ಳೆಯದರ ಮಾತು. ನಮ್ಮ ಟೆರೇಸ್ ರೂಮಿನಲ್ಲಿ ಕುಂದಾಪುರದವನೊಬ್ಬ, ಧಾರವಾಡದವನೊಬ್ಬ, ದಾವಣಗೆರೆಯವನೊಬ್ಬ, ತಿಪಟೂರಿನ ನಾನು. ವಾರವಿಡೀ ಇಂಗ್ಲಿಷಿನಲ್ಲಿ ಮೀಟಿಂಗು, ಹಿಂದಿಯಲ್ಲಿ ಕ್ಯಾಂಟೀನು. ಏಳೂವರೆಯಿಂದ ಒಂಬತ್ತರವರೆಗಿನ ಆ ಒಂದೂವರೆ ತಾಸಿನಲ್ಲಿ ಮಾತ್ರ ನಾಲ್ಕು ಕನ್ನಡಗಳು ಒಟ್ಟಿಗೆ ಬಾಯಿ ಬಿಡುತ್ತಿದ್ದವು. "ಯಾಕಪಾ, ಇಷ್ಟ್ ಲಗೂ ಹೊಂಟಿ?" ಎಂದು ಒಬ್ಬ, "ಎಂತ ಮಾರಾಯ, ಕೂತ್ಕೊ" ಎಂದು ಇನ್ನೊಬ್ಬ. ಮ್ಯಾನೇಜರು ಎಲ್ಲರ ಮುಂದೆ ಕೂಗಾಡಿದ್ದು, ಊರಲ್ಲಿ ಬೋರ್‌ವೆಲ್ ಬತ್ತಿದ್ದು, ತಂಗಿಯ ಮದುವೆಗೆ ಸಾಲ ಸಿಗದೇ ಹೋದದ್ದು, ಎಲ್ಲವೂ ಹೊರಬಿದ್ದದ್ದು ಅಲ್ಲಿ. ಪಬ್ಬಿನಲ್ಲಿ ಎದುರಿಗೆ ಕೂತವನ ಮಾತು ಕೇಳಲು ಕಿವಿಗೆ ಬಾಯಿ ಹಚ್ಚಬೇಕು. ರೂಮಿನಲ್ಲಿ ಹಾಡು ನಮ್ಮದು, ವಾಲ್ಯೂಮು ನಮ್ಮ ಕೈಯಲ್ಲಿ.

ನಮ್ಮ ಗುಂಪಿನ ಹುಡುಗಿಯರಿಗೆ ಇದು ಇನ್ನೂ ಹೆಚ್ಚಿನದಾಗಿತ್ತು. ಯಾರ ಕಣ್ಣೂ ಬೀಳದೆ, ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕಾಲು ಚಾಚಿ ಕೂತು ನಗಬಹುದಾದ ಜಾಗ ಈ ಊರಿನಲ್ಲಿ ಅವರಿಗೆ ಎಷ್ಟಿದ್ದವು? ಕುಡಿಯದ ಗೆಳೆಯನೊಬ್ಬನಿದ್ದ. ಪಬ್ಬಿನಲ್ಲಿ ಕೋಕ್ ಹಿಡಿದು ನಿಂತವನನ್ನು ಹತ್ತು ಜನ ಹತ್ತು ಸಲ ಯಾಕೆ ಎಂದು ಕೇಳುತ್ತಿದ್ದರು. ರೂಮಿನಲ್ಲಿ ಅವನು ಮಜ್ಜಿಗೆ ಕುಡಿದುಕೊಂಡು ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದ. ಆ ದಿನಗಳ ಯಾವ ಪಬ್ಬಿನ ಯಾವ ಹಾಡೂ ಈಗ ನೆನಪಿಲ್ಲ. ಆ ಚಾಪೆಯ ಮೇಲಿನ ಮಾತುಗಳು ನೆನಪಿವೆ. ಇಡೀ ರಾತ್ರಿಯ ಸಾರ ಆ ತಾಸಿನಲ್ಲಿತ್ತು ಎಂದು ಈಗ ಖಚಿತವಾಗಿ ಹೇಳಬಲ್ಲೆ.

ಆದರೆ ಪ್ಲಾನು ಆ ತಾಸನ್ನು ಹಾಗೆ ನೋಡುವುದಿಲ್ಲ. ಅದರ ಲೆಕ್ಕದಲ್ಲಿ ರೂಮು ಎಂದರೆ ಅಗ್ಗದಲ್ಲಿ ತುಂಬಿಸಿಕೊಳ್ಳುವ ಪೆಟ್ರೋಲ್ ಬಂಕು. ಎಂಟೂ ಮುಕ್ಕಾಲಾಯಿತೆಂದರೆ ಯಾರೋ ಒಬ್ಬರು "ಮುಗ್ಸ್ರೋ, ಬೇಗ ಮುಗ್ಸ್ರೋ, ಕ್ಯಾಬ್ ಬಂತು" ಎಂದು ಅವಸರಿಸುತ್ತಾರೆ. ಉಳಿದದ್ದನ್ನು ಎಲ್ಲರೂ ಒಂದೇ ಗುಟುಕಿಗೆ ಎತ್ತುತ್ತಾರೆ. ಪದ್ಧತಿ ಕೆಡುವುದು ಈ ಕೊನೆಯ ಕಾಲು ಗಂಟೆಯಲ್ಲಿ. ಹೇಗೆಂದು ಬಿಡಿಸಿ ಹೇಳಬೇಕು.

ನಮ್ಮ ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. 30 ಎಂಎಲ್‌ನ ಒಂದು ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಎಂದಾಯಿತು. ಸಾಧಾರಣ ಮೈಕಟ್ಟಿನವರ ದೇಹ ತಾಸಿಗೆ ಕರಗಿಸುವುದು ಸುಮಾರು 7 ಗ್ರಾಂ. ಹಾಗಾದರೆ ಎಂಟು ಗಂಟೆಗೆ ಹಾಕಿದ ಒಂದು ನೈಂಟಿ, ಅಂದರೆ ಮೂರು ಪೆಗ್, ಪೂರ್ತಿ ಇಳಿಯುವಾಗ ನಡುರಾತ್ರಿ ದಾಟಿರುತ್ತದೆ. ನಾಲ್ವರು ಒಂದು ಹಾಫ್ ಹಂಚಿಕೊಂಡರೆ ತಲೆಗೆ ಬರುವುದು ಈ ನೈಂಟಿಯೇ. ಫುಲ್ ತಂದರೆ ಅದರ ಎರಡರಷ್ಟು. 650 ಎಂಎಲ್‌ನ ಒಂದು ಸ್ಟ್ರಾಂಗ್ ಬಿಯರಿನಲ್ಲೂ ಮೂರೂವರೆ, ನಾಲ್ಕು ಪೆಗ್ಗಿನಷ್ಟು ಆಲ್ಕೋಹಾಲ್ ಇರುತ್ತದೆ. "ಬಿಯರ್ ತಾನೆ" ಎನ್ನುವವರು ಇದನ್ನು ಗಮನಿಸಬೇಕು. ಅದೇ ಪ್ರಮಾಣ ಹೆಣ್ಣುಮಕ್ಕಳ ರಕ್ತದಲ್ಲಿ ಇನ್ನೂ ಗಾಢವಾಗಿ ನಿಲ್ಲುತ್ತದೆ, ಅವರ ದೇಹದಲ್ಲಿ ನೀರಿನ ಪಾಲು ಕಡಿಮೆ. ಬಾರಿನಲ್ಲಾದರೆ ಅಳೆದು ಹಾಕುವ ಪೆಗ್ ಮೆಷರ್ ಇರುತ್ತದೆ. ಸ್ಟೀಲ್ ಲೋಟದಲ್ಲಿ ಬೆರಳ ಲೆಕ್ಕ, ಅದೂ ಸುರಿಯುವವನ ಪ್ರೀತಿಗೆ ತಕ್ಕ ಲೆಕ್ಕ.

ಕುಡಿದದ್ದು ತಕ್ಷಣ ಏರುವುದಿಲ್ಲ ಎಂಬುದು ಇನ್ನೂ ಮುಖ್ಯ. ರಕ್ತದಲ್ಲಿ ಅದು ತುದಿ ಮುಟ್ಟಲು ಅರ್ಧ ತಾಸಿನಿಂದ ಒಂದೂವರೆ ತಾಸು ಬೇಕು. ಖಾಲಿ ಹೊಟ್ಟೆಯಾದರೆ ಬೇಗ, ಉಂಡ ಹೊಟ್ಟೆಯಾದರೆ ನಿಧಾನ. ಬಿಟಿಎಂನಿಂದ ಮಡಿವಾಳ, ಕೋರಮಂಗಲ, ದೊಮ್ಮಲೂರು ದಾಟಿ ಇಂದಿರಾನಗರ ತಲುಪಲು ಶುಕ್ರವಾರ ರಾತ್ರಿ ಒಂದು ತಾಸು ಬೇಕು. ಹೊರಡುವ ಮುಂಚೆ ಎತ್ತಿದ ಆ ಕೊನೆಯ ಗುಟುಕು ತಲೆಗೆ ಪೂರ್ತಿ ಏರುವುದು ಸರಿಯಾಗಿ ಪಬ್ಬಿನ ಗೇಟಿನಲ್ಲಿ, ಬೌನ್ಸರ್ ಮುಖ ನೋಡುವ ಹೊತ್ತಿಗೆ.

ನಮಗೆ ಅದೇ ಆಯಿತು. 2015ರ ಒಂದು ಶನಿವಾರ ಆರು ಜನ ಹೊರಟಿದ್ದೆವು. ದಾವಣಗೆರೆಯ ಗೆಳೆಯ ಮಧ್ಯಾಹ್ನ ಊಟ ಮಾಡಿರಲಿಲ್ಲ. ಕಡ್ಲೆಕಾಯಿ ತಿಂದು ಮೂರು ದೊಡ್ಡ ಲೋಟ ಮುಗಿಸಿದ್ದ. ಗೇಟಿನಲ್ಲಿ ಕಾಲು ತೊಡರಿತು, ಅವನನ್ನು ಒಳಗೆ ಬಿಡಲಿಲ್ಲ. ಕವರ್ ಚಾರ್ಜು ಆಗಲೇ ಕಟ್ಟಿಯಾಗಿತ್ತು. ಐದು ಜನ ಎರಡು ನಿಮಿಷ ಮುಖಮುಖ ನೋಡಿಕೊಂಡೆವು. ಆಮೇಲೆ ಅವನನ್ನು ಒಬ್ಬನನ್ನೇ ಆಟೋಗೆ ಹತ್ತಿಸಿ ಒಳಗೆ ಹೋದೆವು. ಆಟೋದಲ್ಲಿ ಅವನಿಗೆ ವಾಂತಿಯಾಯಿತು, ಹಾಗೇ ಒರಗಿ ನಿದ್ದೆ ಹೋದ. ಡ್ರೈವರು ಅವನ ಫೋನಿನಿಂದ ಕೊನೆಯ ನಂಬರಿಗೆ ಕರೆ ಮಾಡಿದಾಗ ನನ್ನ ಫೋನು ಜೇಬಿನಲ್ಲಿತ್ತು, ಹಾಡಿನ ಸದ್ದಿಗೆ ಕೇಳಿಸಲಿಲ್ಲ. ಹನ್ನೊಂದು ಮಿಸ್ಡ್ ಕಾಲ್ ಆದಮೇಲೆ ನೋಡಿದೆ. ಆ ಯಜಮಾನರು ಮಡಿವಾಳದ ಹತ್ತಿರ ಗಾಡಿ ನಿಲ್ಲಿಸಿ, ಅವನನ್ನು ಪಕ್ಕಕ್ಕೆ ಹೊರಳಿಸಿ, ಬಾಯಿ ಒರೆಸಿ, ನಾವು ಹೋಗುವವರೆಗೆ ಮುಕ್ಕಾಲು ತಾಸು ಕಾದಿದ್ದರು. ಕಾದದ್ದಕ್ಕೆ ದುಡ್ಡು ಕೊಟ್ಟರೆ ಮುಟ್ಟಲಿಲ್ಲ. "ಅವ್ನು ಅಂಗಾತ ಮಲ್ಗಿದ್ದಿದ್ರೆ ಏನಾಗ್ತಿತ್ತು ಸಾರ್?" ಎಂದಷ್ಟೇ ಕೇಳಿದರು. ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಎಷ್ಟು ಬಾಟಲಿ, ಯಾರು ತರುವುದು, ಎಷ್ಟು ಹೊತ್ತಿಗೆ ಹೊರಡುವುದು ಎಲ್ಲವೂ ಇದ್ದ ಆ ದಿನದ ಪ್ಲಾನಿನಲ್ಲಿ, ಒಬ್ಬನಿಗೆ ಆಗದೇ ಹೋದರೆ ಏನು ಮಾಡಬೇಕು ಎಂಬುದು ಇರಲಿಲ್ಲ. ನಾನು ಅದಾದ ಮೇಲೆ ಕೇಳಿದ ಬೇರೆ ಗುಂಪುಗಳ ಪ್ಲಾನುಗಳಲ್ಲೂ ಅದು ಇರಲಿಲ್ಲ.

ಉಳಿತಾಯದ ವಾದವೂ ನಿಲ್ಲುವುದಿಲ್ಲ. ಸ್ವಿಟ್ಜರ್ಲೆಂಡಿನ ಯುವಕ ಯುವತಿಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲೇ ಕುಡಿದು ಬಾರಿಗೆ ಹೋದ ರಾತ್ರಿಗಳಲ್ಲಿ ಅವರು ಸರಾಸರಿ 7.1 ಡ್ರಿಂಕ್ ಮುಗಿಸಿದ್ದರು. ಬರೀ ಬಾರಿನಲ್ಲಿ ಕುಡಿದ ರಾತ್ರಿಗಳಲ್ಲಿ 4.2. ಮನೆಯಲ್ಲಿ ಕುಡಿದದ್ದು ಹೊರಗೆ ಕುಡಿಯುವುದನ್ನು ತಗ್ಗಿಸಲಿಲ್ಲ, ಅದರ ಜೊತೆಗೆ ಸೇರಿಕೊಂಡಿತು. ನಮ್ಮ ಅನುಭವವೂ ಅದೇ. ಎಚ್ಚರವಿದ್ದಾಗ ಮೆನುವಿನ ಬಲಗಡೆಯ ರೇಟು ನೋಡಿ ಬೆರಳು ತಡೆಯುತ್ತದೆ. ಮೂರು ಪೆಗ್ ಹಾಕಿ ಹೋದವನು ರೇಟು ನೋಡುವುದಿಲ್ಲ, ಇಡೀ ಮೇಜಿಗೆ ಆರ್ಡರ್ ಮಾಡುತ್ತಾನೆ. ತಿಂಗಳ ಕೊನೆಯಲ್ಲಿ ನಾವು ಕೂಡಿ ನೋಡಿದಾಗಲೆಲ್ಲ ಬಾಟಲಿಯ ದುಡ್ಡೂ ಹೋಗಿತ್ತು, ಪಬ್ಬಿನ ದುಡ್ಡೂ ಹೋಗಿತ್ತು.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಪಬ್ಬಿನ ಬಾಗಿಲಲ್ಲಿ ಐಡಿ ಕೇಳುತ್ತಾರೆ, ಚಾಪೆಯ ಮೇಲೆ ಯಾರೂ ಕೇಳುವುದಿಲ್ಲ. ಪಿಜಿಗಳಲ್ಲಿ ಹದಿನೆಂಟು, ಹತ್ತೊಂಬತ್ತರ ಹುಡುಗರ ಮೊದಲ ಕುಡಿತ ಸೀನಿಯರ್‌ಗಳ ರೌಂಡಿನಲ್ಲೇ ಆಗುತ್ತದೆ. ಬೇಡ ಎನ್ನಲು ಸಂಕೋಚ, ಸಾಕು ಎನ್ನಲು ಇನ್ನೂ ಸಂಕೋಚ. ಅವರ ಕೈಗೆ ಲೋಟ ಕೊಡುವ ಹಿರಿಯರದ್ದು ದೊಡ್ಡ ತಪ್ಪು ಎಂದೇ ನಾನು ಹೇಳುತ್ತೇನೆ.

ವಾಪಸ್ ಬರುವ ದಾರಿಯ ಬಗ್ಗೆ ಊರೂ ಯೋಚಿಸಿಲ್ಲ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾಗಿ ಬಿಟಿಎಂಗೂ ಮೆಟ್ರೋ ಬಂತು. ಇಂದಿರಾನಗರಕ್ಕೆ, ಎಂ.ಜಿ. ರಸ್ತೆಗೆ ಮೊದಲಿನಿಂದಲೂ ನೇರಳೆ ಮಾರ್ಗವಿದೆ. ಆದರೆ ಕೊನೆಯ ರೈಲುಗಳು ಹೊರಡುವುದು ರಾತ್ರಿ ಹನ್ನೊಂದರ ಆಸುಪಾಸು, ಪಬ್ಬು ಮುಚ್ಚುವುದು ಒಂದಕ್ಕೆ. ನಡುವಿನ ಎರಡು ತಾಸಿನಲ್ಲಿ ಕ್ಯಾಬಿನ ದರ ಏರಿರುತ್ತದೆ, ಆಟೋಗಳು ಕೇಳಿದ್ದೇ ಬಾಡಿಗೆ. "ಬೈಕಲ್ಲೇ ಹೋಗ್ಬಿಡೋಣ, ಇಲ್ಲೇ ತಾನೆ" ಎಂಬ ಮಾತು ಬರುವುದು ಆಗ. ರಕ್ತದ 100 ಎಂಎಲ್‌ನಲ್ಲಿ 30 ಮಿಲಿಗ್ರಾಂ ದಾಟಿದರೆ ಕಾನೂನಿನ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ರೂಮಿನಲ್ಲಿ ಫುಲ್ ಹಂಚಿಕೊಂಡು ಹೋದವನು ಪಬ್ಬಿನಲ್ಲಿ ಬರೀ ನೀರು ಕುಡಿದಿದ್ದರೂ ಆ ಹೊತ್ತಿಗೆ ಆ ಮಿತಿಯ ಮೇಲೇ ಇರುವ ಸಾಧ್ಯತೆ ಹೆಚ್ಚು. ಪಬ್ಬುಗಳಿಗೆ ಒಂದು ಗಂಟೆಯವರೆಗೆ ಅನುಮತಿ ಕೊಟ್ಟ ಸರ್ಕಾರ ವಾರಾಂತ್ಯದಲ್ಲಾದರೂ ಅಲ್ಲಿಯವರೆಗೆ ರೈಲು ಓಡಿಸಬೇಕು.

ಒಟ್ಟಿನಲ್ಲಿ, ದುಡ್ಡು ಉಳಿಸುವ ಉಪಾಯವಾಗಿ ಈ ಪದ್ಧತಿ ಸೋತಿದೆ. ಗೆಳೆಯರು ಕೂಡುವ ತಾಸಾಗಿ ಗೆದ್ದಿದೆ. ಆದ್ದರಿಂದ ಅಣ್ಣನ ಮಗನಿಗೆ ನಾನು ಹೇಳಿದ್ದು ಇಷ್ಟು: ರೂಮಿನಲ್ಲಿ ಕೂಡುವುದನ್ನು ಬಿಡಬೇಡ, ಕೊನೆಯ ಗುಟುಕಿನ ಅವಸರವನ್ನು ಬಿಡು. ಮೊದಲು ಎಲ್ಲರಿಗೂ ಅನ್ನ ಸಾರೋ, ಮುದ್ದೆಯೋ, ಮೊಟ್ಟೆ ಬುರ್ಜಿ ಚಪಾತಿಯೋ ಹೊಟ್ಟೆಗೆ ಬೀಳಲಿ. ಹಾಫ್ ಸಾಕು, ಫುಲ್ ಬೇಡ. ಲೋಟಕ್ಕೆ ಸುರಿಯುವ ಮುಂಚೆ ಮುಚ್ಚಳದಲ್ಲೋ ಅಳತೆಯ ಕಪ್ಪಿನಲ್ಲೋ ಅಳೆಯಿರಿ. ಹೊರಡುವ ಒಂದು ತಾಸು ಮುಂಚೆ ಬಾಟಲಿ ಕಪಾಟು ಸೇರಲಿ, ಮಾತು ಮುಂದುವರಿಯಲಿ. ಮಾತು ಚೆನ್ನಾಗಿ ಕೂಡಿ ಬಂದ ದಿನ ಹೊರಗೆ ಹೋಗದಿದ್ದರೂ ಏನೂ ನಷ್ಟವಿಲ್ಲ. ಬಾಟಲಿಗೆ ದುಡ್ಡು ಎತ್ತುವಾಗಲೇ ವಾಪಸ್ ಕ್ಯಾಬಿಗೂ ಎತ್ತಿಡಿ, ಬೈಕಿನ ಕೀ ರೂಮಿನಲ್ಲೇ ಇರಲಿ.

ಓದುತ್ತಿರುವ ನಿಮ್ಮಲ್ಲೂ ಒಂದು ಕೋರಿಕೆ. ಈ ಶನಿವಾರ ನಿಮ್ಮ ಜೊತೆ ಹೊರಟವರಲ್ಲಿ ಯಾರಿಗಾದರೂ ಗೇಟಿನಲ್ಲಿ ಕಾಲು ತೊಡರಿದರೆ, ಕವರ್ ಚಾರ್ಜು ಹೋದರೆ ಹೋಗಲಿ, ಒಬ್ಬರು ಅವರ ಜೊತೆ ಮನೆಗೆ ಹೋಗಿ. ಅಂಗಾತ ಮಲಗಿಸಬೇಡಿ, ಮಗ್ಗುಲಾಗಿ ಮಲಗಿಸಿ ಪಕ್ಕದಲ್ಲೇ ಕೂತಿರಿ. ಕರೆದರೆ ಎಚ್ಚರವಾಗದಿದ್ದರೆ, ಉಸಿರು ತೀರಾ ನಿಧಾನವಾದರೆ, ಮೈ ತಣ್ಣಗಾದರೆ ಬೆಳಗಾಗಲೆಂದು ಕಾಯಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ.