ಬಾಯಿ ಯಾರದು, ಕೈ ಯಾರದು: ಕೂಡಿ ಬರೆಯುವ ಕ್ರೈಸ್ತ ಸಾಧನೆಯ ಬಗ್ಗೆ

ಬರವಣಿಗೆ ಎಂದರೆ ಒಬ್ಬಂಟಿ ತಪಸ್ಸು ಎಂಬ ನಂಬಿಕೆ ನಮ್ಮ ವಿಮರ್ಶೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಹತ್ತು ಜನ ಸುತ್ತ ಕೂತು ಬರೆದದ್ದನ್ನು ಸಾಹಿತ್ಯ ಅಂತ ಕರೆಯಲು ನಮಗೆ ಬಾಯಿ ಬರುವುದಿಲ್ಲ. ಅದನ್ನು ಕರಪತ್ರ ಅನ್ನುತ್ತೇವೆ, ಮನವಿ ಅನ್ನುತ್ತೇವೆ, ಇಲ್ಲಾ ಜಾನಪದ ಅಂದು ಬದಿಗಿಡುತ್ತೇವೆ. ಅಧ್ಯಾತ್ಮದ ವಿಷಯಕ್ಕೆ ಬಂದರಂತೂ ಏಕಾಂತದ ಮಹಿಮೆ ಇನ್ನೂ ಜಾಸ್ತಿ. ಗುಹೆ, ಮೌನ, ಧ್ಯಾನ ಬಿಟ್ಟರೆ ಆತ್ಮಕ್ಕೆ ಬೇರೆ ವಿಳಾಸವೇ ಇಲ್ಲ ಎಂಬಂತೆ ಮಾತಾಡುತ್ತೇವೆ. ಕ್ರೈಸ್ತ ಪರಂಪರೆಯೊಳಗೆ ಇದಕ್ಕೆ ಎದುರಾದ ಒಂದು ರೂಢಿ ಇದೆ: ಕೂಡಿ ಕೂತು, ಓದಿ, ಮಾತಾಡಿ, ಆ ಮಾತನ್ನು ಬರಹವಾಗಿಸುವುದನ್ನೇ ಪ್ರಾರ್ಥನೆ ಅಂತ ತಿಳಿಯುವುದು. ದಲಿತ ವಿಮರ್ಶೆ ಈ ರೂಢಿಯನ್ನು ಗಮನಿಸಬೇಕು, ಆದರೆ ಕೈಮುಗಿದುಕೊಂಡು ಗಮನಿಸಬಾರದು. ಯಾರು ಮಾತಾಡಿದರು, ಯಾರು ಬರೆದುಕೊಂಡರು, ಮುಖಪುಟದ ಮೇಲೆ ಯಾರ ಹೆಸರು ಬಂತು ಅಂತ ಕೇಳುತ್ತಲೇ ಗಮನಿಸಬೇಕು.

ಈ ಪ್ರಶ್ನೆ ಹೊರಗಿನಿಂದ ಹೇರಿದ್ದಲ್ಲ, ಬೈಬಲಿನ ಒಳಗೇ ಇದೆ. ಯೇಸು ತನ್ನ ಕೈಯಾರೆ ಒಂದು ಪುಸ್ತಕವನ್ನೂ ಬರೆಯಲಿಲ್ಲ. ಯೋಹಾನನ ಸುವಾರ್ತೆಯಲ್ಲಿ ಒಮ್ಮೆ ಬೆರಳಿನಿಂದ ನೆಲದ ಮೇಲೆ ಬರೆಯುತ್ತಾನೆ. ಏನು ಬರೆದ ಅನ್ನೋದನ್ನು ಸುವಾರ್ತೆ ಹೇಳುವುದೇ ಇಲ್ಲ. ಅವನ ಮಾತು ದಶಕಗಳ ಕಾಲ ಜನರ ಬಾಯಲ್ಲಿದ್ದು ಆಮೇಲೆ ಬರಹಕ್ಕೆ ಬಂತು. ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಇನ್ನೊಬ್ಬ ಬಾಯಿಬಿಡುತ್ತಾನೆ. ಈ ಪತ್ರಿಕೆಯನ್ನು ಬರೆದವನು ತಾನು ಎಂದು ಹೇಳಿ ವಂದನೆ ತಿಳಿಸುತ್ತಾನೆ. ಅವನ ಹೆಸರು ತೆರ್ತ್ಯ. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ಮೂರನೆಯವನು’. ಮುಂದಿನ ವಚನದಲ್ಲೇ ಕ್ವರ್ತ ಎಂಬ ಸಹೋದರ ಬರುತ್ತಾನೆ, ಅಂದರೆ ‘ನಾಲ್ಕನೆಯವನು’. ಇಂಥ ಎಣಿಕೆಯ ಹೆಸರುಗಳು ರೋಮನ್ ಜಗತ್ತಿನಲ್ಲಿ ಗುಲಾಮರಿಗೆ, ಬಿಡುಗಡೆಯಾದ ಗುಲಾಮರಿಗೆ ಸಾಮಾನ್ಯವಾಗಿದ್ದವು. ತೆರ್ತ್ಯ ಗುಲಾಮನೇ ಅಂತ ಪತ್ರಿಕೆ ಹೇಳುವುದಿಲ್ಲ. ಆದರೆ ಬೈಬಲನ್ನು ಬರೆದುಕೊಂಡ, ನಕಲು ಮಾಡಿದ, ಊರೂರಿಗೆ ಒಯ್ದು ಓದಿ ಹೇಳಿದ ಕೈಗಳಲ್ಲಿ ಗುಲಾಮರ ಪಾಲು ಎಷ್ಟು ದೊಡ್ಡದು ಎಂಬ ವಾದವನ್ನು ಕ್ಯಾಂಡಿಡಾ ಮಾಸ್ 2024ರ ತನ್ನ ಪುಸ್ತಕದಲ್ಲಿ ಮುಂದಿಟ್ಟಿದ್ದಾರೆ. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಣಿಕೆಯನ್ನೇ ಹೆಸರಾಗಿ ಹೊರಿಸಿಕೊಂಡವರು ನಾವು. ಆ ‘ಪಂಚಮ’ ಎಂಬ ಪದವನ್ನೇ ಎತ್ತಿ ಹಿಡಿದು ಪತ್ರಿಕೆಯ ಹೆಸರಾಗಿಸಿದ್ದು ಕರ್ನಾಟಕದ ದಲಿತ ಚಳವಳಿ. ಮೂರನೆಯವನು ಪೌಲನ ಪತ್ರಿಕೆಯಲ್ಲಿ ಒಂದೇ ಒಂದು ವಾಕ್ಯದಷ್ಟು ಜಾಗ ಪಡೆದ. ಉಳಿದ ಎಷ್ಟು ಕೈಗಳಿಗೆ ಅದೂ ಸಿಗಲಿಲ್ಲ?

ಬಾಯಿ ಮತ್ತು ಕೈಯ ಈ ಲೆಕ್ಕಾಚಾರ ನಮ್ಮ ಕಾಲಕ್ಕೆ ಹತ್ತಿರದಲ್ಲಿ ನಡೆದ ಜಾಗವೆಂದರೆ ಮಧ್ಯ ಅಮೆರಿಕದ ನಿಕರಾಗುವ. ಅಲ್ಲಿನ ದೊಡ್ಡ ಸರೋವರದೊಳಗೆ ಸೊಲೆಂತಿನಾಮೆ ಎಂಬ ದ್ವೀಪಗಳ ಗುಂಪಿದೆ. ಕವಿ, ಪಾದ್ರಿ ಎರ್ನೆಸ್ತೊ ಕಾರ್ದೆನಾಲ್ 1966ರಲ್ಲಿ ಅಲ್ಲೊಂದು ಸಮುದಾಯ ಕಟ್ಟಿದ. ಗ್ರನಾಡಾ ಪಟ್ಟಣದ ಅನುಕೂಲಸ್ಥ ಮನೆತನದವನು. ಅಮೆರಿಕದ ಟ್ರಾಪಿಸ್ಟ್ ಮಠದಲ್ಲಿ ಥಾಮಸ್ ಮರ್ಟನ್ ಕೈಕೆಳಗೆ ಮೌನದ ಸಾಧನೆ ಮಾಡಿ ಬಂದವನು. ಅಂಥವನು ಭಾನುವಾರದ ಪೂಜೆಯಲ್ಲಿ ಪಾದ್ರಿಯ ಪ್ರಸಂಗವನ್ನೇ ಕೈಬಿಟ್ಟ. ಓದು ಬಲ್ಲವರು ಸುವಾರ್ತೆ ಓದುವುದು, ಆಮೇಲೆ ರೈತರು, ಮೀನುಗಾರರು, ಹೆಂಗಸರು, ಹುಡುಗರು ವಚನ ವಚನವನ್ನೂ ಹಿಡಿದು ಚರ್ಚೆ ಮಾಡುವುದು. ಈ ಮಾತು ಟೇಪಿಗೆ ಬಂತು, ಟೇಪಿನಿಂದ ಹಾಳೆಗೆ ಬಂತು. ‘ಸೊಲೆಂತಿನಾಮೆಯಲ್ಲಿ ಸುವಾರ್ತೆ’ ಎಂಬ ಗ್ರಂಥವಾಗಿ 1975ರಿಂದ ಅಚ್ಚಾಗತೊಡಗಿತು.

ಈ ಗ್ರಂಥದ ರೀತಿ ನೋಡಬೇಕು. ಮೊದಲು ವಚನ, ಅದರ ಕೆಳಗೆ ಒಬ್ಬೊಬ್ಬರ ಹೆಸರು, ಹೆಸರಿನ ಜೊತೆ ಅವರವರ ಮಾತು. ಮರಿಯಳ ಹಾಡನ್ನು ಹೆರೋದ ಕೇಳಿದ್ದರೆ ಏನನ್ನುತ್ತಿದ್ದ ಎಂಬ ಪ್ರಶ್ನೆ ಬಂದಾಗ ಒಬ್ಬಾಕೆ ಹುಚ್ಚಿ ಅಂದಿರೋನು ಎನ್ನುತ್ತಾಳೆ, ಇನ್ನೊಬ್ಬಾಕೆ ಕಮ್ಯುನಿಸ್ಟ್ ಅಂದಿರೋನು ಎನ್ನುತ್ತಾಳೆ. ಎಳೆ ಮಕ್ಕಳನ್ನು ಕೊಲ್ಲಿಸಿದ ಹೆರೋದನ ಕಥೆಯಲ್ಲಿ ಅವರಿಗೆ ತಮ್ಮ ಸರ್ವಾಧಿಕಾರಿ ಸೊಮೋಜಾನ ಮುಖ ಕಾಣುತ್ತದೆ. ಒಬ್ಬ ಪ್ರೀತಿ ಅಂದರೆ ಮತ್ತೊಬ್ಬ ಕ್ರಾಂತಿ ಅನ್ನುತ್ತಾನೆ. ಇವೆಲ್ಲ ಬೇಡ ಅನ್ನುವ ಹಳೆಯ ಮನಸ್ಸಿನವನಿಗೂ ಜಾಗ ಇದೆ. ಭಿನ್ನಮತವನ್ನು ಒರೆಸಿ ಒಂದೇ ಉಪದೇಶ ಮಾಡಿಲ್ಲ. ಇದರಲ್ಲಿ ಅಧ್ಯಾತ್ಮ ಎಲ್ಲಿದೆ ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆ. ಇನ್ನೊಬ್ಬ ಮಾತು ಮುಗಿಸುವ ತನಕ ಕಾಯೋದು, ಅವನ ಮಾತಿನಿಂದ ನನ್ನ ಓದು ತಿದ್ದಿಕೊಳ್ಳೋದು, ಅಕ್ಷರ ಬಾರದವನ ಮಾತೂ ಬರಹಕ್ಕೆ ಅರ್ಹ ಅಂತ ಒಪ್ಪೋದು. ಇದು ಉಪವಾಸಕ್ಕಿಂತ ಕಷ್ಟದ ವ್ರತ.

ಆದರೆ ಮುಖಪುಟದಲ್ಲಿ ಬಂದ ಹೆಸರು ಎರ್ನೆಸ್ತೊ ಕಾರ್ದೆನಾಲ್. ಮುನ್ನುಡಿಯಲ್ಲಿ ಅವನು ಪ್ರಾಮಾಣಿಕವಾಗಿಯೇ ಹಲವರನ್ನು ಹೆಸರಿಡಿದು ಪರಿಚಯಿಸುತ್ತಾನೆ. ಓದು ಬಾರದ ಮುದುಕ ತೋಮಸ್ ಪೆನ್ಯಾನ ವಿವೇಕವನ್ನು ಹೊಗಳುತ್ತಾನೆ. ಇವರೇ ಈ ಪುಸ್ತಕದ ಕರ್ತೃಗಳು ಅನ್ನುತ್ತಾನೆ. ಕೂಡಲೇ ತನ್ನ ಮಾತನ್ನು ತಾನೇ ತಿದ್ದಿಕೊಂಡು, ನಿಜವಾದ ಕರ್ತೃ ಪವಿತ್ರಾತ್ಮ ಅಂದುಬಿಡುತ್ತಾನೆ. ದಲಿತ ಓದುಗ ತಡೆದು ನಿಲ್ಲಬೇಕಾದ ಜಾಗ ಇದು. ಪವಿತ್ರಾತ್ಮನಿಗೆ ಸಂಭಾವನೆ ಬೇಕಿಲ್ಲ, ಗ್ರಂಥಾಲಯದ ಕಾರ್ಡಿನಲ್ಲಿ ಅವನ ಹೆಸರೂ ಇರುವುದಿಲ್ಲ. ತೋಮಸ್ ಪೆನ್ಯಾನಿಂದ ಎತ್ತಿ ಆತ್ಮನಿಗೆ ಕೊಟ್ಟ ಕರ್ತೃತ್ವ ಜಗತ್ತಿನ ಲೆಕ್ಕದಲ್ಲಿ ಬಂದು ಜಮಾ ಆಗಿದ್ದು ಪಾದ್ರಿಯ ಖಾತೆಗೆ. ಕಾರ್ದೆನಾಲ್‌ನ ಮನಸ್ಸು ಕೆಟ್ಟದ್ದಿರಲಿಲ್ಲ. ಒಳ್ಳೆಯ ಮನಸ್ಸಿನ ಮೂಲಕವೂ ಯಜಮಾನಿಕೆ ಹೇಗೆ ಹರಿದು ಬರುತ್ತದೆ ಅನ್ನೋದಕ್ಕೆ ಇದು ಪಾಠ.

ಎರಡನೇ ಪಾಠ ಕಾವ್ಯದ್ದು. 1976ರಲ್ಲಿ ಕೋಸ್ತರೀಕಾದ ಕವಯಿತ್ರಿ ಮೈರಾ ಹಿಮೆನೆಸ್ ಅದೇ ದ್ವೀಪಗಳಲ್ಲಿ ಕಾವ್ಯ ಕಮ್ಮಟ ಶುರುಮಾಡಿದಳು. ಒಟ್ಟಿಗೆ ಓದುವುದು, ಬರೆಯುವುದು, ಗುಂಪಿನ ಮುಂದೆ ಓದಿ ತಿದ್ದಿಸಿಕೊಳ್ಳುವುದು. 1979ರ ಕ್ರಾಂತಿಯ ನಂತರ ಕಾರ್ದೆನಾಲ್ ಸಂಸ್ಕೃತಿ ಮಂತ್ರಿಯಾದಾಗ ಇಂಥ ಕಮ್ಮಟಗಳು ಕಾರ್ಖಾನೆಗೆ, ಸೈನ್ಯದ ಬಿಡಾರಕ್ಕೆ ಹೋದವು. ಪ್ರಾಸ ಬೇಡ, ಬರೀ ಹಕ್ಕಿ ಅನ್ನಬೇಡಿ, ಯಾವ ಹಕ್ಕಿ ಹೇಳಿ ಎಂಬ ಸೂಚನೆಗಳೂ ಮಂತ್ರಿಯಿಂದ ಬಂದವು. ಸೂಚನೆ ಒಳ್ಳೆಯದೇ. ಆದರೆ ಎಲ್ಲರ ಪದ್ಯವೂ ಒಂದೇ ಥರ ಇದೆ ಎಂಬ ಆಕ್ಷೇಪ ನಿಕರಾಗುವದೊಳಗೇ ಎದ್ದಿತು. ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯದಲ್ಲಿ ಆತ್ಮ ಇಳಿದಾಗ ಜನ ಒಂದೇ ಭಾಷೆ ಕೇಳಲಿಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯನ್ನು ಕೇಳಿದ. ಗುಂಪು ಬರಹ ಅಂದರೆ ಗುಂಪಿನ ನಾಯಕನ ಶೈಲಿ ಅಂತಾದರೆ ಅದು ಹೊಸ ಪುರೋಹಿತಶಾಹಿ.

ಇದನ್ನು ಹೇಳುವಾಗ ಆ ಜನ ತೆತ್ತ ಬೆಲೆಯನ್ನು ಮರೆಯಬಾರದು. 1977ರ ಅಕ್ಟೋಬರ್ 13ರಂದು ಅಲ್ಲಿನ ಯುವಕ ಯುವತಿಯರು ಸಾನ್ ಕಾರ್ಲೋಸ್‌ನ ಸೈನಿಕ ಠಾಣೆಯ ಮೇಲಿನ ದಾಳಿಯಲ್ಲಿ ಸೇರಿದರು. ಆ ಚರ್ಚೆಗಳಲ್ಲಿ ಮಾತಾಡಿದ್ದ ಎಲ್ವಿಸ್ ಚವಾರ್ರಿಯಾ ಸೆರೆಸಿಕ್ಕಿ ಕೊಲೆಯಾದ. ಸೊಮೋಜಾನ ಸೈನಿಕರು ಸಮುದಾಯವನ್ನು ಹಾಳುಗೆಡವಿದರು. 1984ರಲ್ಲಿ ರೋಮ್ ಕಾರ್ದೆನಾಲ್‌ನ ಪಾದ್ರಿ ಅಧಿಕಾರವನ್ನು ಅಮಾನತಿನಲ್ಲಿಟ್ಟಿತು. ಪೋಪ್ ಫ್ರಾನ್ಸಿಸ್ ಅದನ್ನು ತೆರವು ಮಾಡಿದ್ದು 2019ರಲ್ಲಿ, ಅವನು ಸಾಯುವ ಒಂದು ವರ್ಷ ಮುಂಚೆ.

ಈಗ ನಮ್ಮ ಕಡೆಗೆ ಬರೋಣ. ಸೊಲೆಂತಿನಾಮೆಯಲ್ಲಿ ಬಡತನ ಇತ್ತು, ಆದರೆ ಒಂದೇ ಬೆಂಚಿನ ಮೇಲೆ ಕೂರಲು ಅಡ್ಡಿಯಿರಲಿಲ್ಲ. ಇಲ್ಲಿ ತಮಿಳುನಾಡಿನ ತಿರುಚ್ಚಿಯ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆ ಎದ್ದಿತು. 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟರ ಪಟ್ಟಿಯಿಂದ ಹೊರಗಿಟ್ಟಿತು. ಸಿಖ್ಖರು 1956ರಲ್ಲಿ, ಬೌದ್ಧರು 1990ರಲ್ಲಿ ಒಳಗೆ ಬಂದರೂ ಇವರು ಹೊರಗೇ ಉಳಿದರು. ಚರ್ಚಿನಲ್ಲಿ ಜಾತಿ ಇದೆ, ಸರ್ಕಾರದ ಕಾಗದದಲ್ಲಿ ಇಲ್ಲ. ಕೂಡಿ ಬರೆಯುವ ಮುಂಚೆ ಕೂಡಿ ಕೂರುವುದೇ ಇಲ್ಲಿ ದೊಡ್ಡ ಕೆಲಸ.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಬಗ್ಗೆ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರದ ಮಾತು ಗಟ್ಟಿಯಾಯಿತು. ಧರ್ಮೋಪದೇಶಕಾಂಡದ 26ನೇ ಅಧ್ಯಾಯದ ನಿವೇದನೆಯನ್ನು ನಿರ್ಮಲ್ ಮಾದರಿಯಾಗಿ ಹಿಡಿದರು. ಅದು ‘ನನ್ನ’ ಪೂರ್ವಿಕನಿಂದ ಶುರುವಾಗಿ ‘ನಾವು’ ಪಟ್ಟ ಪಾಡಿಗೆ ತಿರುಗುತ್ತದೆ. ದಲಿತರ ಈ ಶಾಸ್ತ್ರವನ್ನು ದಲಿತರೇ ಹೇಳಬೇಕು ಎಂಬುದು ಅವರ ಹಟ. ಆದರೂ ಅದು ಹೆಚ್ಚಾಗಿ ಸೆಮಿನರಿಯ ಇಂಗ್ಲಿಷಿನಲ್ಲಿ ಬೆಳೆಯಿತು. ಅದೇ ಕಾಲೇಜಿನಲ್ಲಿ ಪಾಠ ಮಾಡಿದ ಸತ್ಯನಾಥನ್ ಕ್ಲಾರ್ಕ್ 1998ರ ಪುಸ್ತಕದಲ್ಲಿ ಪರೈಯರ ತಮಟೆಯನ್ನೇ ಅವರ ಧಾರ್ಮಿಕ ಅಭಿವ್ಯಕ್ತಿಯಾಗಿ ಓದಿದರು. ಒಳ್ಳೆಯ ಓದು. ಆದರೆ ತಮಟೆ ಬಡಿದವರು ಕೂಡಿ ಬರೆದ ಪುಸ್ತಕ ಎಲ್ಲಿ?

ಇಲ್ಲಿ ಒಂದು ನೀತಿಬೋಧೆ ಎದುರಾಗುತ್ತದೆ: ಗುಂಪಿನಲ್ಲಿ ಕರಗಿ ಹೋಗು, ಹೆಸರಿನ ಮೋಹ ಬಿಡು, ಅದೇ ಕ್ರೈಸ್ತ ದೀನತೆ ಅಂತ. ಬಿಡಲು ಮೊದಲು ಹೆಸರು ಇರಬೇಕಲ್ಲ. ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುವ ನೀಲಗಾರರು ತಲೆಮಾರುಗಳಿಂದ ಗುಂಪಿನಲ್ಲಿ ಕರಗಿದವರೇ. ಇಂಥ ಕಾವ್ಯಗಳು ಅಚ್ಚಾಗುವಾಗ ಸಂಪಾದಕರ ಹೆಸರು ಮುಖಪುಟಕ್ಕೆ, ಹಾಡಿದವರ ಹೆಸರು ಒಳಪುಟಕ್ಕೆ ಹೋಗುವುದನ್ನು ನೋಡುತ್ತಲೇ ಬಂದಿದ್ದೇವೆ. ನಮ್ಮ ಸಂಘಟನೆಗಳೂ ಹೊರತಲ್ಲ. ತಹಶೀಲ್ದಾರರಿಗೆ ಮನವಿ ಬರೆಯುವಾಗ ಕೇರಿಯ ಹೆಂಗಸು ಬೋರ್‌ವೆಲ್ ಕಥೆ ಹೇಳ್ತಾಳೆ, ಬಿ.ಎ. ಓದಿದ ಹುಡುಗ ಅದನ್ನು ‘ಮೂಲಭೂತ ಸೌಕರ್ಯಗಳ ಅಭಾವ’ ಅಂತ ಬರೀತಾನೆ, ಅವಳು ಕೆಳಗೆ ಹೆಬ್ಬೆಟ್ಟು ಒತ್ತುತಾಳೆ. ಅವಳ ಸಿಟ್ಟು, ಅವಳ ಗಾದೆ, ಅವಳ ದೇವರು ಎಲ್ಲವೂ ಆ ಒಂದು ಪದದಲ್ಲಿ ಸತ್ತು ಹೋಗುತ್ತವೆ.

ಹಾಗಾಗಿ ಚರ್ಚಿನ ಅಂಗಳದಲ್ಲಾಗಲಿ, ಸಂಘದ ಕೋಣೆಯಲ್ಲಾಗಲಿ ಕೂಡಿ ಬರೆಯಲು ಕೂರುವವರು ಸೊಲೆಂತಿನಾಮೆಯ ಒಳಪುಟವನ್ನು ಅನುಸರಿಸಲಿ, ಮುಖಪುಟವನ್ನಲ್ಲ. ಆಡಿದ ಮಾತು ಆಡಿದವರ ಹೆಸರಿನಲ್ಲೇ, ಅವರ ನುಡಿಯಲ್ಲೇ ಉಳಿಯಲಿ. ಬರೆದುಕೊಂಡವನು ತೆರ್ತ್ಯನ ಹಾಗೆ ತಾನು ಬರೆದುಕೊಂಡವನು ಅಂತ ಹೇಳಿ ವಂದನೆ ತಿಳಿಸಲಿ. ಬರೆದದ್ದನ್ನು ಅಚ್ಚಿಗೆ ಕಳಿಸುವ ಮೊದಲು ಓದು ಬಾರದವರಿಗೆ ಓದಿ ಹೇಳಿ, ಅವರು ಬೇಡ ಅಂದದ್ದನ್ನು ಹೊಡೆದುಹಾಕಲಿ. ಮುಂದಿನ ಸಭೆಗೆ ಪೆನ್ನು ಇನ್ನೊಬ್ಬರ ಕೈಗೆ ಹೋಗಲಿ.